ಪಿಯುಸಿಯ ಮೂರನೇ ವರ್ಷ

ಮುಂಗಾರಿನ ಮೊದಲ ಮಳೆಗಳು ಬಿದ್ದು ಹೊಲ ಹದಕ್ಕೆ ಬರುವ ಜೂನ್ ತಿಂಗಳಲ್ಲೇ ನೀಟ್ ಫಲಿತಾಂಶವೂ ಬರುತ್ತದೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದಂಥ ಹೋಬಳಿ ಊರಿನಲ್ಲಿ ಆ ಸಂಜೆ ಡೇರಿಗೆ ಹಾಲು ಹಾಕಲು ಬಂದವರ ನಡುವೆ ಅದೇ ಮಾತು: ಯಾರ ಮನೆಯ ಹುಡುಗಿಗೆ ಎಷ್ಟು ಬಂತು? ಮೊಬೈಲಿನ ಪರದೆಯಲ್ಲಿ ಮೂರಂಕಿಯ ಮಾರ್ಕ್ಸು, ಅದರ ಜೊತೆಗೆ ಆರಂಕಿಯ ರ‍್ಯಾಂಕು, ಪಕ್ಕದಲ್ಲಿ ‘ಕ್ವಾಲಿಫೈಡ್’ ಎಂಬ ಒಕ್ಕಣೆ. ಡಾಕ್ಟರ್ ಸೀಟು ಸಿಕ್ಕೇಬಿಟ್ಟಿತು ಎಂದು ಅಜ್ಜಿ ದೇವರಿಗೆ ಕೈ ಮುಗಿಯುತ್ತಾಳೆ. ಎರಡು ದಿನ ಕಳೆಯುವುದರೊಳಗೆ, ಕೌನ್ಸೆಲಿಂಗ್ ಬಲ್ಲ ಯಾರೋ ಒಬ್ಬರು ಬಂದು, ಈ ರ‍್ಯಾಂಕಿಗೆ ಸರ್ಕಾರಿ ಸೀಟು ಬರುವುದಿಲ್ಲವೆಂದು ಮೆಲ್ಲಗೆ ತಿಳಿಸುತ್ತಾರೆ. ಅಷ್ಟರಲ್ಲಿ ಫೋನಿನ ಮೇಲೆ ಫೋನು ಶುರುವಾಗಿರುತ್ತದೆ. ಲಾಂಗ್ ಟರ್ಮ್ ಬ್ಯಾಚು ಸೋಮವಾರದಿಂದ, ಹಾಸ್ಟೆಲ್ ಸೇರಿ ಇಷ್ಟು, ಇವತ್ತೇ ಕಟ್ಟಿದರೆ ರಿಯಾಯಿತಿ. ಆ ಮನೆಯವರು ಒಂದು ವಾರದೊಳಗೆ ತೀರ್ಮಾನಿಸಬೇಕಾದ ಪ್ರಶ್ನೆ ಇಷ್ಟು: ಮಗಳ ಬದುಕಿನ ಇನ್ನೊಂದು ವರ್ಷವನ್ನು, ಜೊತೆಗೆ ಕೈಯಲ್ಲಿರುವ ಅಥವಾ ಸಾಲ ತಂದ ಲಕ್ಷಗಟ್ಟಲೆ ಹಣವನ್ನು, ಅದೇ ಪರೀಕ್ಷೆಗೆ ಮತ್ತೊಮ್ಮೆ ಕೊಡಬೇಕೇ?

ರಿಪೀಟರ್, ಡ್ರಾಪರ್, ಲಾಂಗ್ ಟರ್ಮ್ ಎಂದು ಈ ವರ್ಷಕ್ಕೆ ಹಲವು ಹೆಸರುಗಳಿವೆ. ಎಲ್ಲ ಹೆಸರುಗಳಲ್ಲೂ ಸೋಲಿನ ವಾಸನೆಯಿದೆ, ಪಾಸಾಗದವರು ಮತ್ತೆ ಕೂರುವ ವರ್ಷವೆಂಬಂತೆ. ನಡೆಯುತ್ತಿರುವುದು ಬೇರೆಯೇ. ಪಿಯುಸಿ ಎರಡು ವರ್ಷದ್ದೆಂದು ಸರ್ಕಾರ ಹೇಳುತ್ತಿದ್ದರೂ ವೈದ್ಯಕೀಯಕ್ಕೆ ಹೋಗಬೇಕೆನ್ನುವ ದೊಡ್ಡ ಸಂಖ್ಯೆಯ ಮಕ್ಕಳಿಗೆ ಅದು ಮೂರು ವರ್ಷದ್ದಾಗಿದೆ. ಆ ಮೂರನೆಯ ವರ್ಷ ಯಾವ ಇಲಾಖೆಯ ಕಡತದಲ್ಲೂ ಇಲ್ಲ, ಪೂರ್ತಿಯಾಗಿ ಮಾರುಕಟ್ಟೆಯಲ್ಲಿದೆ. ಆ ವರ್ಷವನ್ನು ಕೊಳ್ಳಬಲ್ಲವರ ಅಂಕವನ್ನೂ ಕೊಳ್ಳಲಾರದವರ ಅಂಕವನ್ನೂ ಒಂದೇ ಪಟ್ಟಿಯಲ್ಲಿ ಜೋಡಿಸಿ ಇದೇ ಪ್ರತಿಭೆಯ ಅಳತೆ ಎನ್ನುವುದು ನ್ಯಾಯವಲ್ಲ. ಹೆಚ್ಚುವರಿ ವರ್ಷ ಬೇಕೇ ಬೇಡವೇ ಎಂಬ ಚರ್ಚೆಯ ಕಾಲ ಮುಗಿದಿದೆ. ಅದು ಈಗಾಗಲೇ ಬಂದು ಕೂತಿರುವುದರಿಂದ ಹಳ್ಳಿಯ ಸರ್ಕಾರಿ ಕಾಲೇಜಿನ ಮಕ್ಕಳಿಗೆ ಅದನ್ನು ಸರ್ಕಾರವೇ, ಒಂದು ಮಿತಿಯೊಳಗೆ, ಉಚಿತವಾಗಿ ಕೊಡಬೇಕು ಎಂಬುದು ಈ ಲೇಖನದ ವಾದ.

ಅರ್ಹತೆ ಬೇರೆ, ಸೀಟು ಬೇರೆ

ಮೊದಲು ಲೆಕ್ಕ. 2025ರ ನೀಟ್ ಬರೆದವರು 22 ಲಕ್ಷಕ್ಕೂ ಹೆಚ್ಚು ಮಂದಿ. ಅರ್ಹರೆಂದು ಘೋಷಿತರಾದವರು ಸುಮಾರು 12.36 ಲಕ್ಷ. ದೇಶದ ಎಲ್ಲ ಎಂಬಿಬಿಎಸ್ ಸೀಟುಗಳನ್ನು ಕೂಡಿದರೂ 1.2 ಲಕ್ಷದ ಆಸುಪಾಸು, ಅದರಲ್ಲಿ ಸರ್ಕಾರಿ ಕಾಲೇಜುಗಳ ಪಾಲು ಸರಿಸುಮಾರು ಅರ್ಧ. ಅಂದರೆ ಒಂದು ಸೀಟಿಗೆ ಹತ್ತು ಮಂದಿ ‘ಅರ್ಹರು’. ಪರೀಕ್ಷೆ ಬರೆದವರಲ್ಲಿ ಮೇಲಿನ ಅರ್ಧದಲ್ಲಿದ್ದರೆ ಸಾಮಾನ್ಯ ವರ್ಗದವರಿಗೆ ಅರ್ಹತೆ ಸಿಗುತ್ತದೆ. ಪರಿಶಿಷ್ಟ ಮತ್ತು ಹಿಂದುಳಿದ ವರ್ಗದವರಿಗೆ ಮಿತಿ ಇನ್ನೂ ಸಡಿಲ. 2025ರಲ್ಲಿ ಸಾಮಾನ್ಯ ವರ್ಗದ ಕನಿಷ್ಠ ಅಂಕ 720ಕ್ಕೆ 144 ಆಗಿತ್ತು. ಸರ್ಕಾರಿ ಸೀಟಿಗೆ ಬೇಕಾದ ಅಂಕ ಅದಕ್ಕಿಂತ ಬಹಳ ಮೇಲೆ. ಈ ಎರಡರ ನಡುವಿನ ಅಗಲವಾದ ಬಯಲಿನಲ್ಲಿಯೇ ಲಾಂಗ್ ಟರ್ಮ್ ವ್ಯಾಪಾರ ನಡೆಯುವುದು. ಅರ್ಹತೆ ಬಂದಿದೆಯಲ್ಲ, ಇನ್ನು ಸ್ವಲ್ಪ ಓದಿದರೆ ಸೀಟೇ ಬಂದಂತೆ ಎಂಬ ಮಾತು ಅಲ್ಲಿ ಸುಲಭವಾಗಿ ಮಾರಾಟವಾಗುತ್ತದೆ.

ಕರ್ನಾಟಕದಲ್ಲಿ 12 ಸಾವಿರಕ್ಕೂ ಹೆಚ್ಚು ಎಂಬಿಬಿಎಸ್ ಸೀಟುಗಳಿವೆ, ದೇಶದಲ್ಲೇ ಮುಂಚೂಣಿ. ಆದರೆ ಅವುಗಳಲ್ಲಿ ಬಹುಪಾಲು ಖಾಸಗಿ ಮತ್ತು ಡೀಮ್ಡ್ ಸಂಸ್ಥೆಗಳವು. ಬೆಂಗಳೂರು ಗ್ರಾಮಾಂತರ ಜಿಲ್ಲೆಯನ್ನೇ ನೋಡಿ: ದೇವನಹಳ್ಳಿಯಲ್ಲಿ ಆಕಾಶ್, ಹೊಸಕೋಟೆಯಲ್ಲಿ ಎಂವಿಜೆ, ನೆಲಮಂಗಲದ ಬೇಗೂರಿನಲ್ಲಿ ಸಿದ್ಧಾರ್ಥ. ಮೂರೂ ಖಾಸಗಿ. ಇಲ್ಲಿನ ಮಕ್ಕಳು ಸರ್ಕಾರಿ ಕಾಲೇಜು ಬೇಕೆಂದರೆ ಚಿಕ್ಕಬಳ್ಳಾಪುರದ ಕಡೆಗೋ ಬೆಂಗಳೂರಿನ ಕಡೆಗೋ ನೋಡಬೇಕು. ಶುಲ್ಕದ ಅಂತರ ಇನ್ನೂ ದೊಡ್ಡದು. ಸರ್ಕಾರಿ ಕಾಲೇಜಿನಲ್ಲಿ ವರ್ಷಕ್ಕೆ ಒಂದು ಲಕ್ಷಕ್ಕಿಂತ ಕಡಿಮೆ; ಖಾಸಗಿ ಕಾಲೇಜಿನ ಸರ್ಕಾರಿ ಕೋಟಾದಲ್ಲಿ ಅದಕ್ಕಿಂತ ಸ್ವಲ್ಪ ಹೆಚ್ಚು; ಅದೇ ಕಾಲೇಜಿನ ಖಾಸಗಿ ಕೋಟಾಕ್ಕೆ ಬಂದರೆ ಹತ್ತು ಲಕ್ಷದ ಆಸುಪಾಸು; ಮ್ಯಾನೇಜ್‌ಮೆಂಟ್ ಸೀಟಾದರೆ ಅದರ ಹಲವು ಪಟ್ಟು. ಕೆಲವು ಸಾವಿರ ರ‍್ಯಾಂಕಿನ ಅಂತರ ಒಂದು ಕುಟುಂಬಕ್ಕೆ ಐದು ವರ್ಷದಲ್ಲಿ ಅರ್ಧ ಕೋಟಿ ರೂಪಾಯಿಯ ಅಂತರವಾಗಿಬಿಡಬಹುದು. ಒಂದು ವರ್ಷ ಕಾಯೋಣವೆಂದು ಮನೆಯವರು ತೀರ್ಮಾನಿಸಿದರೆ ಅದರಲ್ಲಿ ಹಟವೇನೂ ಇಲ್ಲ, ಲೆಕ್ಕಾಚಾರವಿದೆ.

ಚನ್ನರಾಯಪಟ್ಟಣ ಹೋಬಳಿಯಲ್ಲಿ ಆ ಲೆಕ್ಕಾಚಾರಕ್ಕೆ ಇನ್ನೊಂದು ಮುಖವಿದೆ. ಕೈಗಾರಿಕೆಗೆಂದು ಗುರುತಿಸಿದ್ದ 1,777 ಎಕರೆ ಜಮೀನನ್ನು ಉಳಿಸಿಕೊಳ್ಳಲು ಇಲ್ಲಿನ 13 ಹಳ್ಳಿಗಳ ರೈತರು 2022ರ ಏಪ್ರಿಲ್‌ನಿಂದ ಮೂರು ವರ್ಷಕ್ಕೂ ಮಿಕ್ಕಿ ಹೋರಾಡಿದರು. 2025ರ ಜುಲೈ 15ರಂದು ಸರ್ಕಾರ ಸ್ವಾಧೀನದ ಪ್ರಸ್ತಾವವನ್ನು ಕೈಬಿಟ್ಟಿತು. ವಿಮಾನ ನಿಲ್ದಾಣದ ಸುತ್ತಿನ ಈ ನೆಲಕ್ಕೆ ಬೆಲೆ ಬಂದಿದೆ, ಆದರೆ ನಗದು ಇರುವುದು ಹಾಲಿನ ಬಟವಾಡೆಯಲ್ಲಿ, ತರಕಾರಿ, ದ್ರಾಕ್ಷಿಯ ಹುಟ್ಟುವಳಿಯಲ್ಲಿ. ಇಂಥ ಕಡೆ ವೈದ್ಯಕೀಯ ಸೀಟಿನ ದುಬಾರಿ ದಾರಿ ಎಂದರೆ ಜಮೀನು ಮಾರುವ ದಾರಿಯೇ. ಸ್ವಾಧೀನದ ನೋಟಿಸಿಗೆ ಬಗ್ಗದ ಕುಟುಂಬ ಮಗಳ ಓದಿಗಾಗಿ ಅದೇ ಜಮೀನನ್ನು ಕೊಡಬೇಕಾಗಿ ಬಂದರೆ, ಆ ನಷ್ಟವನ್ನು ಯಾರೂ ಶಿಕ್ಷಣದ ವೆಚ್ಚವೆಂದು ಬರೆದಿಡುವುದಿಲ್ಲ.

ಆ ವರ್ಷದಲ್ಲಿ ಏನಾಗುತ್ತದೆ

ಹೆಚ್ಚುವರಿ ವರ್ಷ ಅಂಕವನ್ನು ಏರಿಸುವುದೇಕೆ ಎಂಬುದಕ್ಕೆ ಉತ್ತರ ಪರೀಕ್ಷೆಯ ಸ್ವರೂಪದಲ್ಲಿದೆ. 180 ಪ್ರಶ್ನೆ, 180 ನಿಮಿಷ. ಸರಿಯಾದರೆ ನಾಲ್ಕು ಅಂಕ, ತಪ್ಪಾದರೆ ಒಂದು ಅಂಕ ಕಡಿತ. ಭೌತಶಾಸ್ತ್ರ 45, ರಸಾಯನಶಾಸ್ತ್ರ 45, ಜೀವಶಾಸ್ತ್ರ 90. ಜೀವಶಾಸ್ತ್ರವನ್ನು ಮುಕ್ಕಾಲು ಗಂಟೆಯಲ್ಲಿ ಮುಗಿಸಿ, ಉಳಿಸಿದ ಸಮಯವನ್ನು ಭೌತಶಾಸ್ತ್ರದ ಲೆಕ್ಕಗಳಿಗೆ ಕೊಡಬಲ್ಲವರೇ ಮೇಲೆ ಬರುತ್ತಾರೆ. ವಿಷಯಜ್ಞಾನದಷ್ಟೇ ಇದು ಅಭ್ಯಾಸದ ಫಲ. ನಮ್ಮ ಪಿಯು ವಿಜ್ಞಾನಕ್ಕೆ 2012ರಿಂದ ಎನ್‌ಸಿಇಆರ್‌ಟಿ ಪಠ್ಯವೇ ಇದೆ, ಆದ್ದರಿಂದ ಪಠ್ಯ ಬೇರೆಯಾಯಿತು ಎಂದು ದೂರುವಂತಿಲ್ಲ. ಬೇರೆಯಾಗಿರುವುದು ಪರೀಕ್ಷೆಯ ನಡೆ. ಪಿಯು ಪರೀಕ್ಷೆ ಬಹುಪಾಲು ಬರೆದು ವಿವರಿಸುವುದನ್ನು ಕೇಳುತ್ತದೆ. ನೀಟ್ ನಿಮಿಷಕ್ಕೊಂದು ತೀರ್ಮಾನವನ್ನು ಕೇಳುತ್ತದೆ. ದ್ವಿತೀಯ ಪಿಯುಸಿಯ ವಿದ್ಯಾರ್ಥಿಗೆ ಪ್ರಾಕ್ಟಿಕಲ್ ರೆಕಾರ್ಡು, ಮಾರ್ಚ್ ಹೊತ್ತಿಗೆ ಬೋರ್ಡ್ ಪರೀಕ್ಷೆ, ಏಪ್ರಿಲ್‌ನಲ್ಲಿ ಸಿಇಟಿ, ಮೇ ಮೊದಲ ಭಾನುವಾರದ ಸುಮಾರಿಗೆ ನೀಟ್. ರಿಪೀಟರ್‌ಗೆ ಆ ಹೊತ್ತಿನ ಗುರಿ ನೀಟ್ ಒಂದೇ. ಹತ್ತು ತಿಂಗಳು, ವಾರಕ್ಕೊಂದು ಮಾಕ್ ಟೆಸ್ಟು, ಪ್ರತಿ ಟೆಸ್ಟಿನ ನಂತರ ತಪ್ಪಿದ್ದು ಯಾಕೆ ತಪ್ಪಿತೆಂಬ ವಿಚಾರಣೆ. ಸಮಾನ ಬುದ್ಧಿವಂತಿಕೆಯ ಇಬ್ಬರು ಮಕ್ಕಳಲ್ಲಿ ಒಬ್ಬಳಿಗೆ ಈ ಹತ್ತು ತಿಂಗಳು ಸಿಕ್ಕರೆ ಅವಳು ಮುಂದಿರುವುದು ಸಹಜವೇ.

ಕನ್ನಡ ಮಾಧ್ಯಮದಿಂದ ಬಂದ ಮಗುವಿಗೆ ಇದರ ಹಿಂದೆ ಇನ್ನೊಂದು ಹಳ್ಳವಿದೆ. ಹತ್ತನೆಯ ತರಗತಿಯವರೆಗೆ ದ್ಯುತಿಸಂಶ್ಲೇಷಣೆ, ವಿದ್ಯುತ್ಕಾಂತ ಪ್ರೇರಣೆ ಎಂದು ಕಲಿತ ಹುಡುಗ ಜೂನ್ ತಿಂಗಳಿನಿಂದ ಇಂಗ್ಲಿಷಿನಲ್ಲೇ ವಿಜ್ಞಾನ ಓದಬೇಕು. ಮೊದಲ ವರ್ಷದ ಅರ್ಧ ಆ ಭಾಷೆಯ ಜೊತೆ ಗುದ್ದಾಡುವುದರಲ್ಲೇ ಕಳೆಯುತ್ತದೆ, ಮತ್ತು ನೀಟ್‌ನ ಅರ್ಧ ಪ್ರಶ್ನೆಗಳು ಬರುವುದು ಆ ಮೊದಲ ವರ್ಷದ ಪಾಠಗಳಿಂದಲೇ. 2017ರಿಂದ ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ದೊರೆಯುತ್ತಿದೆ. ಆದರೆ ಪಾಠ, ಪುಸ್ತಕ, ಟೆಸ್ಟ್ ಸೀರೀಸ್ ಎಲ್ಲ ಇಂಗ್ಲಿಷಿನಲ್ಲಿರುವಾಗ ಪರೀಕ್ಷೆಯ ದಿನ ಮಾತ್ರ ಕನ್ನಡ ಸಿಕ್ಕಿ ಏನು ಪ್ರಯೋಜನ? ಅದನ್ನು ಆರಿಸಿಕೊಳ್ಳುವವರು ಬಹಳ ಕಡಿಮೆ. ಇಂಥ ಮಗುವಿಗೆ ಹೆಚ್ಚುವರಿ ವರ್ಷ ಎರಡನೆಯ ಅವಕಾಶ ಎನ್ನುವುದೂ ಸರಿಯಲ್ಲ. ಭಾಷೆಯ ತೊಡಕಿಲ್ಲದೆ ವಿಜ್ಞಾನವನ್ನು ಓದಲು ಅವನಿಗೆ ಸಿಗುವ ಮೊದಲ ಅವಕಾಶ ಅದು.

ತಮಿಳುನಾಡು ತೋರಿಸಿದ್ದು

ರಿಪೀಟರ್‌ಗಳ ಪಾಲು ಎಷ್ಟೆಂಬುದಕ್ಕೆ ನಮ್ಮ ನೆರೆಯಲ್ಲೇ ಒಂದು ದಾಖಲೆಯಿದೆ. ನೀಟ್ ಬರುವ ಮುನ್ನ ತಮಿಳುನಾಡಿನಲ್ಲಿ ಹನ್ನೆರಡನೆಯ ತರಗತಿಯ ಅಂಕದ ಮೇಲೆಯೇ ವೈದ್ಯಕೀಯ ಪ್ರವೇಶ ನಡೆಯುತ್ತಿತ್ತು. ನಿವೃತ್ತ ನ್ಯಾಯಮೂರ್ತಿ ಎ.ಕೆ. ರಾಜನ್ ನೇತೃತ್ವದ ಸಮಿತಿ 2021ರಲ್ಲಿ ಕೊಟ್ಟ ವರದಿಯ ಪ್ರಕಾರ, 2016–17ರಲ್ಲಿ ಸೀಟು ಪಡೆದವರಲ್ಲಿ ಆ ವರ್ಷವಲ್ಲದೆ ಹಿಂದಿನ ವರ್ಷಗಳಲ್ಲೇ ಪಿಯುಸಿಗೆ ಸಮನಾದ ತರಗತಿ ಮುಗಿಸಿದ್ದವರು ಶೇ 12.47, 2020–21ರ ಹೊತ್ತಿಗೆ ಅದು ಶೇ 71.42. ನಾಲ್ಕೇ ವರ್ಷದಲ್ಲಿ, ಅಪರೂಪವಾಗಿದ್ದದ್ದು ವಾಡಿಕೆಯಾಯಿತು. ತಮಿಳು ಮಾಧ್ಯಮದವರ ಮತ್ತು ಹಳ್ಳಿಯ ಶಾಲೆಗಳವರ ಪಾಲು ಕುಸಿದದ್ದನ್ನೂ ಅದೇ ವರದಿ ಹೇಳಿತು. ನೀಟ್ ವಿರೋಧಿಸುವ ಸರ್ಕಾರವೇ ಆ ಸಮಿತಿಯನ್ನು ನೇಮಿಸಿತ್ತು ನಿಜ, ಹೊಸ ಪರೀಕ್ಷೆಯ ಆರಂಭದ ವರ್ಷಗಳಲ್ಲಿ ಏರುಪೇರು ಹೆಚ್ಚಿರುತ್ತದೆಂಬುದೂ ನಿಜ. ಹಾಗಿದ್ದರೂ ಪ್ರವೇಶ ಪಡೆದವರ ದಾಖಲೆಯನ್ನು ಎಣಿಸಿ ಬಂದ ಅಂಕಿ ಅದು. ರಾಜಕೀಯದಿಂದ ಅದು ಬದಲಾಗುವುದಿಲ್ಲ. ಕರ್ನಾಟಕದ ಪ್ರವೇಶದ ಅಂಕಿಗಳನ್ನೂ ಇದೇ ರೀತಿ ವರ್ಷವಾರು ಬಿಡಿಸಿ ಪ್ರಕಟಿಸುವುದು ಪರೀಕ್ಷಾ ಪ್ರಾಧಿಕಾರಕ್ಕೆ ಕಷ್ಟದ ಕೆಲಸವಲ್ಲ. ಪಿಯುಸಿ ಮುಗಿಸಿದ ವರ್ಷ ಪ್ರತಿ ಅರ್ಜಿಯಲ್ಲೂ ಇದ್ದೇ ಇರುತ್ತದೆ.

ತಮಿಳುನಾಡು ಇನ್ನೂ ಒಂದು ಹೆಜ್ಜೆ ಇಟ್ಟಿತು. 2020ರಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ಶೇ 7.5ರಷ್ಟು ಸೀಟುಗಳನ್ನು ಕಾಯ್ದಿರಿಸುವ ಕಾನೂನು ತಂದಿತು. ನಮ್ಮಲ್ಲಿ ಅದಕ್ಕೂ ಬಹಳ ಹಿಂದಿನಿಂದ, ಗ್ರಾಮೀಣ ಪ್ರದೇಶದಲ್ಲಿ ಒಂದರಿಂದ ಹತ್ತರವರೆಗೆ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಒಳ ಮೀಸಲಾತಿ ಇದೆ. ಚನ್ನರಾಯಪಟ್ಟಣದ ಶಾಲೆಯಲ್ಲಿ ಓದಿದ ಮಗುವಿಗೆ ಎರಡೂ ಅನ್ವಯಿಸಬಹುದು. ಆದರೆ ಮೀಸಲಾತಿ ತೆರೆಯುವುದು ಕೊನೆಯ ಬಾಗಿಲನ್ನು ಮಾತ್ರ. ಆ ಬಾಗಿಲ ತನಕ ನಡೆದು ಬರುವ ಶಕ್ತಿ, ಅಂದರೆ ಆ ಕೋಟಾದೊಳಗಿನ ಪೈಪೋಟಿಗೂ ಸಾಕಾಗುವ ಅಂಕ, ಬೇರೆ ಕಡೆಯಿಂದ ಬರಬೇಕು. ಗ್ರಾಮೀಣ ಕೋಟಾದ ಒಳಗೂ ಲಾಂಗ್ ಟರ್ಮ್ ಕೊಂಡ ಗ್ರಾಮೀಣರು ಕೊಳ್ಳಲಾರದ ಗ್ರಾಮೀಣರನ್ನು ಹಿಂದೆ ಹಾಕುತ್ತಾರೆ.

ಅಮೆರಿಕದ ಒಂದು ದಾರಿ

ಹೆಚ್ಚುವರಿ ಓದನ್ನು ನಾಚಿಕೆಯ ವಿಷಯವಾಗಿಸದೆ ಶಿಕ್ಷಣದ ಒಂದು ಮೆಟ್ಟಿಲಾಗಿ ಕಟ್ಟಿದ ಉದಾಹರಣೆ ಅಮೆರಿಕದಲ್ಲಿದೆ. ಅಲ್ಲಿ ವೈದ್ಯಕೀಯ ಕಾಲೇಜಿಗೆ ಸೇರುವುದು ನಾಲ್ಕು ವರ್ಷದ ಪದವಿಯ ನಂತರ. ಪದವಿಯಲ್ಲಿ ಇತಿಹಾಸವನ್ನೋ ಸಂಗೀತವನ್ನೋ ಓದಿ ಆಮೇಲೆ ವೈದ್ಯರಾಗಬೇಕೆಂದುಕೊಂಡವರು, ಪದವಿಯಲ್ಲಿ ವಿಜ್ಞಾನವಿದ್ದರೂ ಅಂಕ ಸಾಲದೆ ಹೋದವರು, ಬಡ ಹಿನ್ನೆಲೆಯಿಂದ ಬಂದು ತಯಾರಿ ಸಾಲದೆ ತಿರಸ್ಕೃತರಾದವರು, ಹೀಗೆ ಮೂರು ಬಗೆಯವರಿಗಾಗಿ ವಿಶ್ವವಿದ್ಯಾಲಯಗಳೇ ಒಂದೆರಡು ವರ್ಷದ ‘ಪೋಸ್ಟ್‌ಬ್ಯಾಕ್’ ಕೋರ್ಸ್‌ಗಳನ್ನು ನಡೆಸುತ್ತವೆ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಇದು 1955ರಿಂದ ಇದೆ. ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರದ ಪಾಠ, ಪ್ರಯೋಗಾಲಯ, ಆಸ್ಪತ್ರೆಯ ಅನುಭವ, ಅರ್ಜಿ ಬರೆಯಲು ಸಲಹೆ ಎಲ್ಲ ಸೇರಿ ಅದು ವಿಶ್ವವಿದ್ಯಾಲಯದ ಅಂಕಪಟ್ಟಿಯೊಂದಿಗೆ ಮುಗಿಯುತ್ತದೆ. ಅಲ್ಲಿಯೂ ಬಹುಪಾಲು ಕೋರ್ಸ್‌ಗಳು ದುಬಾರಿಯೇ. ನಾವು ಗಮನಿಸಬೇಕಾದದ್ದು ಮೂರನೆಯ ಬಗೆಯದು.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜುಗಳು ಸೇರಿ, ಹಿಂದುಳಿದ ಹಿನ್ನೆಲೆಯ ವಿದ್ಯಾರ್ಥಿಗಳಿಗೆಂದೇ ಇಂಥ ವರ್ಷವೊಂದನ್ನು ನಡೆಸುತ್ತಿವೆ. ಅದರ ಫಲಿತಾಂಶವನ್ನು ಕೆವಿನ್ ಗ್ರಂಬಾಕ್ ಮತ್ತು ಎರಿಕ್ ಚೆನ್ 2006ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಪತ್ರಿಕೆಯಲ್ಲಿ ಪ್ರಕಟಿಸಿದರು. ಕಾರ್ಯಕ್ರಮಕ್ಕೆ ಸೇರಿದ 265 ಮಂದಿಯಲ್ಲಿ ಶೇ 67.6ರಷ್ಟು ಜನ 2005ರೊಳಗೆ ವೈದ್ಯಕೀಯ ಕಾಲೇಜು ಸೇರಿದ್ದರು. ಅರ್ಜಿ ಹಾಕಿಯೂ ಕಾರ್ಯಕ್ರಮದಲ್ಲಿ ಓದದವರಲ್ಲಿ ಆ ಪ್ರಮಾಣ ಶೇ 22.5. ಸೇರಿದವರೇ ಮೊದಲಿನಿಂದ ಜಾಣರಿದ್ದಿರಬೇಕು ಎಂಬ ಅನುಮಾನ ಸಹಜ. ಹಿಂದಿನ ಅಂಕ ಮತ್ತು ಹಿನ್ನೆಲೆಯ ವ್ಯತ್ಯಾಸಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಅಂತರ ದೊಡ್ಡದಾಗಿಯೇ ಉಳಿಯಿತು. ಚೀಟಿ ಎತ್ತಿ ಎರಡು ಗುಂಪು ಮಾಡಿದ ಪ್ರಯೋಗ ಇದಲ್ಲವಾದ್ದರಿಂದ ಅನುಮಾನ ಪೂರ್ತಿ ಅಳಿಯುವುದಿಲ್ಲ. ಆದರೂ ಒಂದು ವರ್ಷದ ಸರಿಯಾದ ಆಸರೆ ತಿರಸ್ಕೃತರನ್ನು ವೈದ್ಯಕೀಯ ಕಾಲೇಜಿಗೆ ಮುಟ್ಟಿಸಬಲ್ಲದು ಎಂಬುದಕ್ಕೆ ಇದು ಗಟ್ಟಿ ಆಧಾರ.

ಇಂಥದ್ದು ನಮಗೆ ಪೂರ್ತಿ ಹೊಸದೂ ಅಲ್ಲ. ಎರಡು ವರ್ಷದ ಪಿಯುಸಿ ಬರುವ ಮುನ್ನ ಮೈಸೂರು ರಾಜ್ಯದಲ್ಲಿ ಒಂದು ವರ್ಷದ ಪಿಯುಸಿ ಮುಗಿಸಿದವರು ಎಂಬಿಬಿಎಸ್‌ಗೆ ಮೊದಲು ‘ಪ್ರೀ ಪ್ರೊಫೆಷನಲ್’ ಎಂಬ ವರ್ಷವನ್ನು ಕಾಲೇಜಿನಲ್ಲೇ ಓದುತ್ತಿದ್ದರು. ಹಳೆಯ ತಲೆಮಾರಿನ ವೈದ್ಯರಿಗೆ ಪಿಪಿಸಿ ಎಂದರೆ ಇಂದಿಗೂ ನೆನಪಿರುತ್ತದೆ. ನೀಟ್ ಮಾಹಿತಿ ಪುಸ್ತಕದ ಅರ್ಹತೆಯ ಪಟ್ಟಿಯಲ್ಲಿ ಆ ಪರೀಕ್ಷೆಯ ಉಲ್ಲೇಖ ಹೋಗದೆ ಉಳಿದಿದೆ. ಅದೇ ಪಟ್ಟಿ ಬಿ.ಎಸ್ಸಿ. ಓದುತ್ತಿರುವವರಿಗೂ ಓದಿ ಮುಗಿಸಿದವರಿಗೂ ಅವಕಾಶ ಕೊಡುತ್ತದೆ. ಗರಿಷ್ಠ ವಯಸ್ಸಿನ ಮಿತಿಯನ್ನು 2022ರಲ್ಲಿ ತೆಗೆದರು. ಪಿಯುಸಿಯಲ್ಲಿ ಜೀವಶಾಸ್ತ್ರ ಇಲ್ಲದವರು ಆಮೇಲೆ ಅದನ್ನು ಹೆಚ್ಚುವರಿ ವಿಷಯವಾಗಿ ಪಾಸು ಮಾಡಿದರೂ ಸಾಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರಲ್ಲಿ ಒಪ್ಪಿತು. ನಿಯಮ ಹೀಗೆ ತಡವಾಗಿ ಬರುವವರಿಗೂ ದಾರಿ ಬಿಟ್ಟಿದೆ. ಆ ದಾರಿಯಲ್ಲಿ ನಡೆಯಲು ಸಾರ್ವಜನಿಕ ಆಸರೆ ಬಹಳ ಕಡಿಮೆ.

ಎದುರು ಮಾತುಗಳು

ಈ ವಾದಕ್ಕೆ ಎದುರಾಗುವ ಬಲವಾದ ಆಕ್ಷೇಪ ಗಣಿತದ್ದು. ಸೀಟುಗಳ ಸಂಖ್ಯೆ ಅಷ್ಟೇ ಇರುವಾಗ ಸರ್ಕಾರ ಒಂದು ಸಾವಿರ ಮಕ್ಕಳನ್ನು ತಯಾರು ಮಾಡಿದರೆ ಒಬ್ಬರು ಮೇಲೆ ಬರುತ್ತಾರೆ, ಇನ್ನೊಬ್ಬರು ಕೆಳಗಿಳಿಯುತ್ತಾರೆ; ಒಟ್ಟಾರೆ ಸಮಾಜ ಇನ್ನಷ್ಟು ವರ್ಷ ಮತ್ತು ಹಣವನ್ನು ಅದೇ ಓಟಕ್ಕೆ ಸುರಿದಂತಾಗುತ್ತದೆ. ಈ ಮಾತು ಸರಿ. ಇದರಿಂದ ವೈದ್ಯರ ಸಂಖ್ಯೆ ಒಬ್ಬರಷ್ಟೂ ಹೆಚ್ಚುವುದಿಲ್ಲ. ಬದಲಾಗುವುದು ವೈದ್ಯರಾಗುವವರು ಯಾರೆಂಬುದು, ಮತ್ತು ಅದು ಸಣ್ಣ ವಿಷಯವಲ್ಲ. ದೂರದ ಊರುಗಳಿಗೆ ವೈದ್ಯರು ಸಿಗಬೇಕಾದರೆ ಹಳ್ಳಿಯ ಹಿನ್ನೆಲೆಯ ವಿದ್ಯಾರ್ಥಿಗಳನ್ನು ಗುರಿಯಿಟ್ಟು ಸೇರಿಸಿಕೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲೇ ಶಿಫಾರಸು ಮಾಡಿತು. ಅಂಥವರು ಹಳ್ಳಿಗೆ ಮರಳಿ ನೆಲೆಸುವ ಸಾಧ್ಯತೆ ಹೆಚ್ಚೆಂಬುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡದ್ದೇ ಅದಕ್ಕೆ ಕಾರಣ. ಕರ್ನಾಟಕ 2012ರಲ್ಲಿ ಕಡ್ಡಾಯ ಸೇವೆಯ ಕಾನೂನು ಮಾಡಿ, ಓದು ಮುಗಿಸಿದವರನ್ನು ಒಂದು ವರ್ಷ ಹಳ್ಳಿಗೆ ಕಳುಹಿಸಲು ಹೊರಟಿತು. ಒಲ್ಲದ ಮನಸ್ಸಿನ ವೈದ್ಯರನ್ನು ಕಾನೂನಿನಿಂದ ಒಂದು ವರ್ಷ ಹಿಡಿದಿಡುವುದಕ್ಕಿಂತ ಆ ಊರಿನ ಮಾತು ಬಲ್ಲವರೇ ವೈದ್ಯರಾಗುವಂತೆ ಒಂದು ವರ್ಷ ಮೊದಲೇ ಖರ್ಚು ಮಾಡುವುದು ಮೇಲು.

ಎರಡನೆಯ ಆಕ್ಷೇಪ, ಸರ್ಕಾರದ ಹಣವನ್ನು ಕೋಚಿಂಗಿಗೆ ಏಕೆ ಹಾಕಬೇಕು, ಪಿಯು ಕಾಲೇಜನ್ನೇ ಸರಿ ಮಾಡಬಾರದೇ ಎಂಬುದು. ಮಾಡಬೇಕು. ಖಾಲಿ ಉಪನ್ಯಾಸಕರ ಹುದ್ದೆ ತುಂಬುವುದು, ಪ್ರಯೋಗಾಲಯ ನಡೆಯುವಂತೆ ಮಾಡುವುದು, ಪ್ರಥಮ ಪಿಯುಸಿಯಲ್ಲೇ ಭಾಷೆಯ ಸೇತುವೆ ಹಾಕುವುದು, ಇವೆಲ್ಲ ಆದರೆ ಮೂರನೇ ವರ್ಷದ ಅಗತ್ಯ ತಾನಾಗಿ ಕುಗ್ಗುತ್ತದೆ. ಆದರೆ ಆ ಸುಧಾರಣೆ ಫಲ ಕೊಡುವ ಹೊತ್ತಿಗೆ ಇಂದಿನ ಹದಿನೆಂಟರ ಮಕ್ಕಳು ಮೂವತ್ತು ದಾಟಿರುತ್ತಾರೆ. ಈಗಾಗಲೇ ಅನ್ಯಾಯಕ್ಕೆ ಒಳಗಾಗಿರುವವರಿಗೆ ಮುಂದಿನ ತಲೆಮಾರಿನ ಸುಧಾರಣೆಯನ್ನು ತೋರಿಸಿ ಸಮಾಧಾನ ಹೇಳಲಾಗದು.

ನೀಟ್ ಅನ್ನೇ ರದ್ದು ಮಾಡಿದರೆ ಇದೆಲ್ಲ ತಪ್ಪುತ್ತದೆ ಎನ್ನುವವರೂ ಇದ್ದಾರೆ. 2024ರ ಜುಲೈನಲ್ಲಿ ನಮ್ಮ ವಿಧಾನಮಂಡಲ ಅದೇ ಅರ್ಥದ ನಿರ್ಣಯ ಮಾಡಿತು. ಅದು ಕೇಂದ್ರದ ಕೈಯಲ್ಲಿರುವ ವಿಷಯ, ತೀರ್ಮಾನ ಯಾವಾಗಲೋ. ಅಲ್ಲದೆ ರಾಜ್ಯದ್ದೇ ಸಿಇಟಿ ಬಂದರೂ ಅದೂ ಸ್ಪರ್ಧಾತ್ಮಕ ಪರೀಕ್ಷೆಯೇ. ನೀಟ್‌ಗೆ ಮುನ್ನ ಸಿಇಟಿಯಿಂದಲೇ ವೈದ್ಯಕೀಯ ಸೀಟು ಸಿಗುತ್ತಿದ್ದಾಗಲೂ ಎರಡನೆಯ ಸಲ ಬರೆಯುವವರು ಇದ್ದರು. ಸೀಟು ಕಡಿಮೆ, ಆಸೆ ಹೆಚ್ಚು ಇರುವ ತನಕ ಪರೀಕ್ಷೆಯ ಹೆಸರು ಬದಲಾಗಬಹುದು, ಹೆಚ್ಚುವರಿ ವರ್ಷ ಹೋಗುವುದಿಲ್ಲ.

ನನ್ನನ್ನು ಹೆಚ್ಚು ಕಾಡುವ ಆಕ್ಷೇಪ ಮಕ್ಕಳ ಮನಸ್ಸಿನದು. ಹದಿನೆಂಟು ವರ್ಷದವರನ್ನು ಹತ್ತು ತಿಂಗಳು ಒಂದು ಅಂಕಿಗಾಗಿ ಕೂಡಿಹಾಕಿದ ಊರುಗಳಿಂದ ಬಂದ ಸಾವಿನ ಸುದ್ದಿಗಳನ್ನು ಓದದವರಿಲ್ಲ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು ವಿಶಾಖಪಟ್ಟಣದಲ್ಲಿ ಸತ್ತ ನೀಟ್ ವಿದ್ಯಾರ್ಥಿನಿಯೊಬ್ಬಳ ಪ್ರಕರಣದಲ್ಲಿ, ಶಾಲೆ ಕಾಲೇಜು ಕೋಚಿಂಗ್ ಕೇಂದ್ರಗಳೆಲ್ಲ ಪಾಲಿಸಬೇಕಾದ ಮಾನಸಿಕ ಆರೋಗ್ಯದ ಸೂಚನೆಗಳನ್ನು ಕೊಟ್ಟಿತು. ಅದಕ್ಕೂ ಮೊದಲು, 2024ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಕೋಚಿಂಗ್ ಕೇಂದ್ರಗಳಿಗೆ ಮಾರ್ಗಸೂಚಿ ಹೊರಡಿಸಿತ್ತು: ದಿನಕ್ಕೆ ಐದು ಗಂಟೆಗಿಂತ ಹೆಚ್ಚು ತರಗತಿ ಬೇಡ, ರ‍್ಯಾಂಕಿನ ಭರವಸೆ ಕೊಡಬಾರದು, ನಡುವೆ ಬಿಟ್ಟವರಿಗೆ ಉಳಿದ ಅವಧಿಯ ಶುಲ್ಕವನ್ನು ಹತ್ತು ದಿನದೊಳಗೆ ಹಿಂತಿರುಗಿಸಬೇಕು. ಪೋಷಕರು ಹಣ ಕಟ್ಟುವ ಮುನ್ನ ಈ ಕೊನೆಯ ಅಂಶವನ್ನು ಕೇಳಿ ಬರೆಸಿಕೊಳ್ಳುವುದು ಒಳ್ಳೆಯದು. ಟಾಪರುಗಳ ಫೋಟೊ ಹಾಕುವ ಜಾಹೀರಾತಿನಲ್ಲಿ ಆ ವಿದ್ಯಾರ್ಥಿ ಯಾವ ಕೋರ್ಸು ಓದಿದ್ದೆಂಬುದನ್ನೂ ತಿಳಿಸಬೇಕೆಂದು ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಹೇಳಿದೆ. ಮಾಕ್ ಟೆಸ್ಟ್ ಮಾತ್ರ ಬರೆದವರ ಫೋಟೊ ವರ್ಷವಿಡೀ ಓದಿದವರ ಸಾಲಿನಲ್ಲಿ ಕೂತಿರಬಹುದು.

ಈ ಅಪಾಯಗಳೇ ಸಾರ್ವಜನಿಕ ವ್ಯವಸ್ಥೆಯ ಪರವಾದ ವಾದವೂ ಹೌದು. ಖಾಸಗಿ ಕೇಂದ್ರಕ್ಕೆ ಮಗು ಎರಡನೆಯ, ಮೂರನೆಯ ವರ್ಷವೂ ಬಂದರೆ ಲಾಭ. ಬೇಡ, ನಿನಗೆ ಇದು ಆಗುವುದಿಲ್ಲ, ಬೇರೆ ಓದು ಎಂದು ಹೇಳುವ ಕಾರಣ ಅದಕ್ಕಿಲ್ಲ. ಸರ್ಕಾರಿ ಕಾರ್ಯಕ್ರಮ ಒಂದೇ ವರ್ಷ ಎಂಬ ಗೆರೆ ಎಳೆಯಬಹುದು. ಯಾರಿಗೆ ವರ್ಷ ಪ್ರಯೋಜನವಾಗುತ್ತದೆಂದು ಮೊದಲೇ ತೂಗಿ ನೋಡಬಹುದು. ತೂಗುವಾಗ ಅಂಕವನ್ನು ನಂಬಬಾರದು, ಏಕೆಂದರೆ ಅದು ವರ್ಷದಿಂದ ವರ್ಷಕ್ಕೆ ಹಾರಾಡುತ್ತದೆ: 2024ರಲ್ಲಿ 720ಕ್ಕೆ 720 ತೆಗೆದವರ ಗುಂಪೇ ಇತ್ತು, 2025ರಲ್ಲಿ ದೇಶಕ್ಕೆ ಮೊದಲ ರ‍್ಯಾಂಕಿನ ಅಂಕ 686. ನೋಡಬೇಕಾದದ್ದು ರ‍್ಯಾಂಕನ್ನು, ಅದೂ ತನ್ನ ವರ್ಗ ಮತ್ತು ಕೋಟಾದಲ್ಲಿ ಹಿಂದಿನ ವರ್ಷ ಸೀಟು ನಿಂತ ರ‍್ಯಾಂಕಿಗೆ ಹೋಲಿಸಿ. ಅಂತರ ಕಡಿಮೆಯಿದ್ದು, ಜೀವಶಾಸ್ತ್ರ ಗಟ್ಟಿಯಿದ್ದು, ಭೌತಶಾಸ್ತ್ರ ಕೈಕೊಟ್ಟ ಮಗುವಿಗೆ ವರ್ಷ ಬಹಳ ಕೊಡುತ್ತದೆ. ಮೂರೂ ವಿಷಯಗಳಲ್ಲಿ ತಳದಲ್ಲಿರುವ, ಮನೆಯವರ ಆಸೆಗಾಗಿ ಬರೆದ ಮಗುವಿಗೆ ಆ ವರ್ಷ ದುಃಖವನ್ನಷ್ಟೇ ಕೊಡುತ್ತದೆ, ಮತ್ತು ಅದನ್ನು ಪ್ರೀತಿಯಿಂದ, ಸ್ಪಷ್ಟವಾಗಿ ಹೇಳುವವರು ಬೇಕು. ಪಶುವೈದ್ಯಕೀಯ, ಕೃಷಿ, ಫಾರ್ಮಸಿ, ನರ್ಸಿಂಗ್ ಓದುಗಳಿಗೆ ದಾರಿ ಮಾಡುವ ಸಿಇಟಿ ರ‍್ಯಾಂಕು ಆ ಮನೆಯಲ್ಲೇ, ಯಾರೂ ಕಣ್ಣೆತ್ತಿ ನೋಡದೆ, ಬಿದ್ದಿರುತ್ತದೆ.

ಹೇಗಿರಬಹುದು

ಮಾದರಿಗಳು ಇಲ್ಲದಿಲ್ಲ. ದಕ್ಷಣ ಫೌಂಡೇಶನ್ ಸರ್ಕಾರಿ ಶಾಲೆಗಳಲ್ಲಿ ಓದಿದ ಮಕ್ಕಳನ್ನು ಪರೀಕ್ಷೆ ಮಾಡಿ ಆರಿಸಿ, ಹನ್ನೆರಡನೆಯ ತರಗತಿಯ ನಂತರ ಒಂದು ವರ್ಷ ವಸತಿ ಸಮೇತ ಉಚಿತ ತರಬೇತಿ ಕೊಡುತ್ತದೆ. ಬೀದರ್‌ನ ಶಾಹೀನ್ ಸಂಸ್ಥೆ, ಶಾಲೆಯ ಮುಖವನ್ನೇ ಕಾಣದೆ ಮದರಸಾದಲ್ಲಿ ಕುರ್‌ಆನ್ ಕಂಠಪಾಠ ಮಾಡಿದ ಹುಡುಗರಿಗೆ ಮೊದಲು ಭಾಷೆ ಮತ್ತು ಗಣಿತದ ಸೇತುವೆ ಹಾಕಿ, ಆಮೇಲೆ ವಿಜ್ಞಾನಕ್ಕೆ ತಂದು, ಅವರಲ್ಲಿ ಕೆಲವರನ್ನು ಸರ್ಕಾರಿ ವೈದ್ಯಕೀಯ ಸೀಟಿನವರೆಗೆ ಮುಟ್ಟಿಸಿದೆ. ಅಷ್ಟು ದೂರದಿಂದ ಬಂದವರಿಗೆ ಸಾಧ್ಯವಾದರೆ, ಕನ್ನಡ ಮಾಧ್ಯಮದಲ್ಲಿ ಹತ್ತು ವರ್ಷ ಚೆನ್ನಾಗಿ ಓದಿದವರಿಗೆ ಸಾಧ್ಯವಾಗದೆ ಇರಲು ಕಾರಣವಿಲ್ಲ. ಪಿಯುಸಿಯಲ್ಲಿರುವವರಿಗೆ ಸರ್ಕಾರದ ತರಬೇತಿ ಯೋಜನೆಗಳು ಆಗಾಗ ಬರುತ್ತವೆ. ಕೇಂದ್ರದ ‘ಸಾಥಿ’ ಆನ್‌ಲೈನ್ ಪಾಠಗಳು 2023ರಿಂದ ಉಚಿತವಾಗಿ ಇವೆ. ಆದರೆ ಎಮ್ಮೆ ಕಟ್ಟುವುದು, ತಂಗಿಯನ್ನು ನೋಡಿಕೊಳ್ಳುವುದು, ಒಂದು ಮೊಬೈಲನ್ನು ಮೂವರು ಹಂಚಿಕೊಳ್ಳುವುದು ಇವುಗಳ ನಡುವೆ ವಿಡಿಯೊ ಪಾಠ ಮೂರನೇ ವರ್ಷದ ಜಾಗ ತುಂಬುವುದಿಲ್ಲ. ಬೇಕಾದದ್ದು ಊಟ, ಹಾಸಿಗೆ, ಟೇಬಲ್ಲು, ಜೊತೆಗೆ ಓದುವವರು, ತಪ್ಪನ್ನು ತಿದ್ದುವ ಉಪನ್ಯಾಸಕರು.

ಜಿಲ್ಲೆಗೊಂದು ವಸತಿ ಕೇಂದ್ರದಿಂದ ಶುರು ಮಾಡಬಹುದು. ಗ್ರಾಮೀಣ ಶಾಲೆ, ಸರ್ಕಾರಿ ಪಿಯು ಕಾಲೇಜು ಎರಡರಲ್ಲೂ ಓದಿ, ಒಮ್ಮೆ ನೀಟ್ ಬರೆದು, ತಮ್ಮ ಕೋಟಾದ ಕೊನೆಯ ರ‍್ಯಾಂಕಿಗೆ ಹತ್ತಿರ ಬಂದ ನೂರು ಮಂದಿ, ಅದರಲ್ಲಿ ಅರ್ಧ ಹೆಣ್ಣುಮಕ್ಕಳು. ದೂರದ ಕೋಚಿಂಗಿಗೆ ಮಗನನ್ನು ಕಳುಹಿಸುವ ಎಷ್ಟೋ ಮನೆಗಳು ಮಗಳನ್ನು ಕಳುಹಿಸುವುದಿಲ್ಲ. ದೇವನಹಳ್ಳಿಯಲ್ಲೋ ದೊಡ್ಡಬಳ್ಳಾಪುರದಲ್ಲೋ ಸರ್ಕಾರಿ ಹಾಸ್ಟೆಲ್ ಎಂದರೆ ಕಳುಹಿಸುತ್ತಾರೆ. ಮೊದಲ ಎರಡು ತಿಂಗಳು ಪ್ರಥಮ ಪಿಯುಸಿಯ ಪಾಠಗಳನ್ನು ಎರಡೂ ಭಾಷೆಗಳಲ್ಲಿ ಮತ್ತೆ ಕಟ್ಟಿಕೊಡಬೇಕು. ಡಿಸೆಂಬರ್‌ನಲ್ಲಿ ಒಮ್ಮೆ ಪ್ರತಿ ಮಗುವಿನ ಜೊತೆ, ಮನೆಯವರನ್ನೂ ಕೂರಿಸಿಕೊಂಡು, ಬೇರೆ ದಾರಿಗಳ ಮಾತಾಡಬೇಕು. ಸಿಇಟಿ ಅರ್ಜಿಯನ್ನು ಎಲ್ಲರಿಂದಲೂ ಹಾಕಿಸಬೇಕು. ವರ್ಷದ ಕೊನೆಗೆ ಸೀಟು ಪಡೆದವರ ಸಂಖ್ಯೆಯನ್ನಷ್ಟೇ ಅಲ್ಲ, ಪಡೆಯದವರು ಏನಾದರೆಂಬುದನ್ನೂ ಪ್ರಕಟಿಸಬೇಕು, ಖಾಸಗಿ ಕೇಂದ್ರಗಳು ಸಾಮಾನ್ಯವಾಗಿ ಮಾಡದ ಕೆಲಸ ಅದು. ಇದೆಲ್ಲದರ ಆಯ್ಕೆ ನೀಟ್ ಫಲಿತಾಂಶ ಬಂದ ಎರಡು ವಾರದೊಳಗೆ ಮುಗಿಯಬೇಕು. ಯೋಜನೆಯ ಆದೇಶ ಬಂದು, ಟೆಂಡರ್ ಕರೆದು, ಪಟ್ಟಿ ಹೊರಬೀಳುವಷ್ಟರಲ್ಲಿ ಅಕ್ಟೋಬರ್ ಆದರೆ, ಹಣ ಹೊಂದಿಸಬಲ್ಲವರು ಆಗಲೇ ಅರ್ಧ ಪಠ್ಯ ಮುಗಿಸಿರುತ್ತಾರೆ, ಹೊಂದಿಸಲಾರದವರು ಸಿಕ್ಕ ಕೋರ್ಸಿಗೆ ಸೇರಿ ಶುಲ್ಕ ಕಟ್ಟಿರುತ್ತಾರೆ.